ಮೊಟ್ಟೆಯ ಸಾರು: ಮರಿಗಾಗಿ ಕಟ್ಟಿದ ಬುತ್ತಿ

ಕೋಳಿ ಮೊಟ್ಟೆಯಿಡುವುದು ನಮ್ಮ ಊಟಕ್ಕಾಗಿ ಅಲ್ಲ, ತನ್ನ ಮರಿಗಾಗಿ. ಇದು ಎಲ್ಲರೂ ಬಲ್ಲ ಸಂಗತಿ. ಆದರೂ ಒಲೆಯ ಮುಂದೆ ನಿಂತಾಗ ನಾವು ಇದನ್ನು ಮರೆತುಬಿಡುತ್ತೇವೆ. ಮೊಟ್ಟೆಯಂಥ ಪರಿಪೂರ್ಣ ಆಹಾರ ಬೇರೊಂದಿಲ್ಲವೆಂದು ಕೆಲವರು ಹೊಗಳುತ್ತಾರೆ. ಅದರ ಹಳದಿಯು ಹೃದಯಕ್ಕೆ ವಿಷವೆಂದು ಇನ್ನು ಕೆಲವರು ಹೆದರಿಸುತ್ತಾರೆ. ಈ ಬುತ್ತಿಯನ್ನು ಕಟ್ಟಿದ್ದು ಯಾರಿಗಾಗಿ ಎಂಬುದನ್ನು ಮೊದಲು ವಿಚಾರಿಸಿದರೆ, ಆ ಹೊಗಳಿಕೆಯಲ್ಲಿ ನಿಜವೆಷ್ಟು, ಈ ಹೆದರಿಕೆಯಲ್ಲಿ ಹುರುಳೆಷ್ಟು ಎಂಬುದು ತಿಳಿಯುತ್ತದೆ. ಅಷ್ಟೇ ಅಲ್ಲ, ಮೊಟ್ಟೆಯ ಸಾರನ್ನು ಹೇಗೆ ಮಾಡತಕ್ಕದ್ದು, ಅದರೊಡನೆ ಏನನ್ನು ಉಣ್ಣತಕ್ಕದ್ದು ಎಂಬುದಕ್ಕೂ ಅಲ್ಲಿಯೇ ಉತ್ತರವಿದೆ.

ಇದನ್ನು ಬರೆಯಲು ನಮಗೆ ಪ್ರೇರಣೆಯಾದದ್ದು ಸರ್ಜಾಪುರದ ಒಂದು ಬಾಡಿಗೆ ಕೋಣೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಹೋಬಳಿಯ ಊರು ಹಿಂದೆ ನಯವಾದ ಹತ್ತಿಬಟ್ಟೆಯ ನೇಯ್ಗೆಗೆ ಹೆಸರಾಗಿತ್ತು. ಈಗ ಅದರ ಸುತ್ತಲೂ ಬಹುಮಹಡಿಯ ಮನೆಗಳೂ ಕಚೇರಿಗಳೂ ಎದ್ದಿವೆ. ಅವುಗಳ ನಡುನಡುವೆ ರಾಗಿಯ ಹೊಲಗಳು ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಹೊರಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ದುಡಿಮೆಗೆಂದು ಬಂದವರು ಒಂದು ಕೋಣೆಯಲ್ಲಿ ಇಬ್ಬರು ಮೂವರಾಗಿ ಇದ್ದುಕೊಂಡು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಬೆಳಗಿನ ಹೊತ್ತು ಮೂವತ್ತು ಮೂವತ್ತು ಮೊಟ್ಟೆಗಳ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಬೈಕಿನ ಹಿಂದೆ ಬಿಗಿದುಕೊಂಡು, ಅಂಗಡಿಯಿಂದ ಅಂಗಡಿಗೆ ಹೋಗುವವರನ್ನು ಅಲ್ಲಿ ಕಾಣಬಹುದು. ಕಡಿಮೆ ಹಣದಲ್ಲಿ, ಕಡಿಮೆ ಹೊತ್ತಿನಲ್ಲಿ, ಒಂದೇ ಒಲೆಯ ಮೇಲೆ ಸಿದ್ಧವಾಗುವ ಪುಷ್ಟಿಕರವಾದ ಆಹಾರ ಇದಕ್ಕಿಂತ ಇನ್ನೊಂದು ಅವರಿಗೆ ದೊರೆಯುವುದು ಕಷ್ಟ.

ಅಂಥ ಕೋಣೆಯೊಂದರಲ್ಲಿ ನಮ್ಮ ಅಣ್ಣನ ಮಗ ವಾಸವಾಗಿದ್ದಾನೆ. ಒಂದು ಸಂಜೆ ನಾವು ಹೋದಾಗ ಅವನು ಆರು ಮೊಟ್ಟೆಗಳನ್ನು ಬೇಯಿಸಿ, ಸಿಪ್ಪೆ ತೆಗೆದು, ಸೀಳಿ, ಆರು ಹಳದಿಗಳನ್ನೂ ಕಸದ ಬುಟ್ಟಿಗೆ ಹಾಕಿ, ಬಿಳಿಯ ಭಾಗವನ್ನು ಮಾತ್ರ ಉಪ್ಪುಮೆಣಸಿನೊಡನೆ ತಿನ್ನುತ್ತಿದ್ದನು. ಗೂಡಿನಲ್ಲಿ ರಕ್ತಪರೀಕ್ಷೆಯ ವರದಿಯೊಂದಿತ್ತು: ಬಿ-೧೨ ಕಡಿಮೆ, ಡಿ ಕಡಿಮೆ; ಪಕ್ಕದಲ್ಲಿಯೇ ವೈದ್ಯರು ಬರೆದುಕೊಟ್ಟ ಮಾತ್ರೆಗಳು.

"ಹಳದಿ ಯಾಕಪ್ಪಾ ಎಸೆದೆ?" ಎಂದು ಕೇಳಿದೆವು.

"ಅದರಲ್ಲಿ ಕೊಲೆಸ್ಟರಾಲ್ ಇರುತ್ತಂತೆ, ಚಿಕ್ಕಪ್ಪ. ಬಿಳೀದು ಮಾತ್ರ ಒಳ್ಳೇದಂತೆ."

ಯಾವುದು ಕಡಿಮೆಯೆಂದು ಮಾತ್ರೆ ನುಂಗುತ್ತಿದ್ದನೋ ಅದೇ ಪದಾರ್ಥವನ್ನು ಅವನು ಬುಟ್ಟಿಗೆ ಹಾಕಿದ್ದನು. ಹಳದಿಯೊಂದರಿಂದಲೇ ಅವನ ಕೊರತೆ ನೀಗುತ್ತಿತ್ತೆಂದು ನಾವು ಹೇಳುವುದಿಲ್ಲ. ಮಾತ್ರೆಗಳನ್ನು ನಿಲ್ಲಿಸೆಂದೂ ಹೇಳಲಿಲ್ಲ. ಆದರೆ ಒಂದು ಕೈಯಿಂದ ಕೊಂಡದ್ದನ್ನು ಇನ್ನೊಂದು ಕೈಯಿಂದ ಚೆಲ್ಲುವುದು ಯಾವ ಲೆಕ್ಕಾಚಾರ?

ಬುತ್ತಿಯಲ್ಲಿರುವುದೇನು?

ಮೊಟ್ಟೆಯೊಳಗೆ ಮರಿ ಬೆಳೆದು ಹೊರಬರಲು ಇಪ್ಪತ್ತೊಂದು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಚಿಪ್ಪಿನ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಗಾಳಿ ಆಡುವುದನ್ನು ಬಿಟ್ಟರೆ, ಹೊರಗಿನಿಂದ ಅದಕ್ಕೆ ಕಾಳಿನಷ್ಟು ಆಹಾರವಾಗಲಿ ಹನಿಯಷ್ಟು ನೀರಾಗಲಿ ಬರುವಂತಿಲ್ಲ. ಕಣ್ಣು, ಕೊಕ್ಕು, ರಕ್ತ, ಎಲುಬು, ಮೈಮೇಲಿನ ತುಪ್ಪುಳ—ಎಲ್ಲವೂ ಆ ಪುಟ್ಟ ಭಾಂಡದಲ್ಲಿ ಇರುವುದರಿಂದಲೇ ಆಗಬೇಕು. ಆದ್ದರಿಂದ ಒಂದು ಜೀವವನ್ನು ಕಟ್ಟಲು ಬೇಕಾದ ಸಾಮಗ್ರಿ ಅಲ್ಲಿ ಒಟ್ಟುಗೂಡಿರುವುದು ಆಶ್ಚರ್ಯವಲ್ಲ.

ಚಿಪ್ಪು ತೆಗೆದ ಮೇಲೆ ಸುಮಾರು ೫೦ ಗ್ರಾಂ ತೂಗುವ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರು. ಉಳಿದುದರಲ್ಲಿ ಸಸಾರಜನಕ, ಎಂದರೆ ಪ್ರೋಟೀನು, ಸುಮಾರು ೬ ಗ್ರಾಂ. ಮೇದಸ್ಸು ಸುಮಾರು ೫ ಗ್ರಾಂ. ಇದರಿಂದ ನಮಗೆ ಒದಗುವ ಶಕ್ತಿ ಸುಮಾರು ೭೦ ಕ್ಯಾಲೊರಿ. ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಒಂಬತ್ತು ಅಮೈನೋ ಆಮ್ಲಗಳೂ ಮೊಟ್ಟೆಯ ಸಸಾರಜನಕದಲ್ಲಿ ತಕ್ಕ ಪ್ರಮಾಣದಲ್ಲಿವೆ. ಬೇಳೆಕಾಳುಗಳಲ್ಲಿ ಕಡಿಮೆಯಾಗಿರುವ ಗಂಧಕಯುಕ್ತ ಅಮೈನೋ ಆಮ್ಲಗಳು ಇಲ್ಲಿ ಸಮೃದ್ಧವಾಗಿವೆ. ಕೊಳೆತ ಮೊಟ್ಟೆಯ ದುರ್ನಾತಕ್ಕೆ ಕಾರಣವೂ ಆ ಗಂಧಕವೇ.

ಬಿಳಿಯ ಲೋಳೆಗೂ ಹಳದಿಗೂ ಕೆಲಸ ಬೇರೆ ಬೇರೆ. ಬಿಳಿಯದು ನೂರಕ್ಕೆ ತೊಂಬತ್ತು ಪಾಲು ನೀರು, ಮಿಕ್ಕದ್ದು ಬಹುಮಟ್ಟಿಗೆ ಸಸಾರಜನಕ. ಮರಿಗೆ ಅದು ನೀರಿನ ತೊಟ್ಟಿಯೂ ಹೌದು, ಕೋಟೆಯ ಗೋಡೆಯೂ ಹೌದು. ೧೯೨೨ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು ಲೈಸೊಜೈಮ್ ಎಂಬ ರೋಗಾಣುನಾಶಕ ವಸ್ತುವನ್ನು ಪ್ರಕಟಿಸಿದರಷ್ಟೆ. ಅದು ಬಿಳಿಯ ಲೋಳೆಯಲ್ಲಿ ಹೇರಳವಾಗಿದ್ದು, ರಂಧ್ರಗಳ ಮೂಲಕ ನುಸುಳಿದ ಬ್ಯಾಕ್ಟೀರಿಯಗಳ ಗೋಡೆಯನ್ನು ಒಡೆಯುತ್ತದೆ. ಹಳದಿಯಾದರೋ ಉಗ್ರಾಣ. ಮೇದಸ್ಸೆಲ್ಲ ಅಲ್ಲಿದೆ. ಎ, ಡಿ ಮೊದಲಾದ ಅನ್ನಾಂಗಗಳು, ಎಂದರೆ ವಿಟಮಿನ್ನುಗಳು, ಅಲ್ಲಿವೆ. ಬಿ-೧೨ರ ಬಹುಪಾಲು, ಕಬ್ಬಿಣ, ರಂಜಕ, ಮಿದುಳಿನ ಬೆಳವಣಿಗೆಗೆ ಬೇಕಾದ ಕೋಲೀನ್ ಅಲ್ಲಿವೆ. ಸಸಾರಜನಕದಲ್ಲಿಯೂ ಐದರಲ್ಲಿ ಎರಡು ಪಾಲು ಹಳದಿಯದೇ. ನಮ್ಮ ತರುಣನು ಉಗ್ರಾಣವನ್ನು ಹೊರಗೆ ಸುರಿದು ಕಾಂಪೌಂಡಿನ ಗೋಡೆಯನ್ನು ತಿನ್ನುತ್ತಿದ್ದನೆಂದರೆ ತಪ್ಪಾಗಲಾರದು.

ಬೆಳೆಯುವ ಮಕ್ಕಳಿಗೆ ಇಂಥ ಉಗ್ರಾಣ ಎಷ್ಟು ಅವಶ್ಯವೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಕರ್ನಾಟಕ ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿದಂತೆ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದೊಡನೆ ಬೇಯಿಸಿದ ಮೊಟ್ಟೆಯನ್ನು ಕೊಡತೊಡಗಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಯ ಹಣ್ಣು. ಆಗ ವಾದವಿವಾದಗಳೇನೂ ಕಡಿಮೆಯಾಗಿರಲಿಲ್ಲ. ೨೦೨೨ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಏರ್ಪಾಡಾಯಿತು. ಈ ಪ್ರತಿಷ್ಠಾನದ ವಿಶ್ವವಿದ್ಯಾನಿಲಯ ಸರ್ಜಾಪುರದ ಪಕ್ಕದಲ್ಲಿಯೇ ಇದೆ. ಶಾಲೆಯ ಮಕ್ಕಳು ಮೊಟ್ಟೆಯನ್ನು ಹಳದಿಯ ಸಮೇತ ತಿನ್ನುತ್ತಾರೆ. ಅದನ್ನು ಎಸೆಯುವ ಜಾಣತನ ಬರುವುದು ಕೈಯಲ್ಲಿ ಸಂಬಳ ಓಡಾಡತೊಡಗಿದ ಮೇಲೆ.

ಕೊಲೆಸ್ಟರಾಲಿನ ಭಯ ಹುಟ್ಟಿದ ಬಗೆಯನ್ನೂ ಇಲ್ಲಿಯೇ ಹೇಳಿಬಿಡೋಣ. ಒಂದು ಹಳದಿಯಲ್ಲಿ ಸುಮಾರು ೧೮೦ರಿಂದ ೨೦೦ ಮಿಲಿಗ್ರಾಂ ಕೊಲೆಸ್ಟರಾಲ್ ಇರುವುದು ನಿಜ. ೧೯೬೮ರಲ್ಲಿ ಅಮೆರಿಕದ ಹೃದ್ರೋಗ ಸಂಘವು ವಾರಕ್ಕೆ ಮೂರು ಮೊಟ್ಟೆ ಮೀರಬಾರದೆಂದು ಸಲಹೆ ಕೊಟ್ಟಿತು. ಮುಂದಿನ ದಶಕಗಳ ಪರಿಶೋಧನೆಯಿಂದ ತಿಳಿದುಬಂದದ್ದು ಬೇರೆ: ನಮ್ಮ ರಕ್ತದ ಕೊಲೆಸ್ಟರಾಲಿನ ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ, ಆಹಾರದಿಂದ ಹೆಚ್ಚು ಬಂದರೆ ಬಹುಮಂದಿಯಲ್ಲಿ ಅದು ತನ್ನ ತಯಾರಿಕೆಯನ್ನು ತಗ್ಗಿಸಿಕೊಳ್ಳುತ್ತದೆ. ಯಕೃತ್ತನ್ನು ಕೆರಳಿಸುವುದರಲ್ಲಿ ಬೆಣ್ಣೆ, ತುಪ್ಪ, ತೆಂಗು, ವನಸ್ಪತಿ ಮೊದಲಾದವುಗಳಲ್ಲಿರುವ ಗಟ್ಟಿ ಮೇದಸ್ಸಿನ ಪಾತ್ರ ಹಿರಿದು. ಹೀಗಾಗಿ ೨೦೧೫ರಲ್ಲಿ ಅಮೆರಿಕದ ಆಹಾರ ಮಾರ್ಗದರ್ಶಿಯು ದಿನಕ್ಕೆ ೩೦೦ ಮಿಲಿಗ್ರಾಂ ಕೊಲೆಸ್ಟರಾಲಿನ ಹಳೆಯ ಮಿತಿಯನ್ನು ಕೈಬಿಟ್ಟಿತು. ಆರೋಗ್ಯವಂತರು ದಿನಕ್ಕೊಂದು ಮೊಟ್ಟೆ ತಿಂದರೆ ಹೃದ್ರೋಗ ಹೆಚ್ಚುತ್ತದೆಂದು ಬಹುಪಾಲು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮಧುಮೇಹವುಳ್ಳವರೂ ರಕ್ತದಲ್ಲಿ ಕೊಲೆಸ್ಟರಾಲ್ ಏರಿರುವವರೂ ಮಾತ್ರ ತಮ್ಮ ವೈದ್ಯರನ್ನು ಕೇಳಿ ನಡೆಯುವುದು ಲೇಸು. ಭಯಪಡಲೇಬೇಕಾದದ್ದು ಬೇರೆಯಿದೆ, ಅದು ಬಾಣಲೆಯಲ್ಲಿದೆ. ಅಲ್ಲಿಗೆ ಬರುತ್ತೇವೆ.

ಬುತ್ತಿಯಲ್ಲಿಲ್ಲದ್ದು

ಇಷ್ಟೆಲ್ಲ ಇದ್ದರೂ ಮೊಟ್ಟೆ ನಮಗೆ ಪರಿಪೂರ್ಣ ಆಹಾರವಲ್ಲ. ಎರಡು ಮುಖ್ಯ ಪದಾರ್ಥಗಳ ಕೊರತೆ ಅದರಲ್ಲಿದೆ. ಆ ಕೊರತೆಗಳ ಕಾರಣ ಬಲು ಸ್ವಾರಸ್ಯವಾದುದು.

ಮೊದಲನೆಯದು ಅನ್ನಾಂಗ ಸಿ. ಮೊಟ್ಟೆಯಲ್ಲಿ ಇದು ಲವಲೇಶವೂ ಇಲ್ಲವೆನ್ನಬಹುದು. ಏಕೆಂದರೆ ಕೋಳಿಯ ಜಾತಿ ಇದನ್ನು ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳಬಲ್ಲದು. ಮಗ ಸ್ವತಃ ಮಾಡಿಕೊಳ್ಳಬಲ್ಲ ಅಡುಗೆಯನ್ನು ತಾಯಿ ಬುತ್ತಿಯಲ್ಲಿ ಕಟ್ಟಿಕೊಡುವುದಿಲ್ಲವಷ್ಟೆ. ಮನುಷ್ಯರಾದ ನಾವು ಈ ಶಕ್ತಿಯನ್ನು ವಿಕಾಸದ ದಾರಿಯಲ್ಲಿ ಎಂದೋ ಕಳೆದುಕೊಂಡಿದ್ದೇವೆ; ಕಪಿಗಳದೂ ಗಿನಿಯಿಲಿಯದೂ ಇದೇ ಗತಿ.

ಎರಡನೆಯದು ಸುಣ್ಣ, ಅಂದರೆ ಕ್ಯಾಲ್ಸಿಯಮ್. ಮೊಟ್ಟೆಯ ಒಳಗಿನ ತಿರುಳಿನಲ್ಲಿ ಇದು ಸುಮಾರು ೨೫ ಮಿಲಿಗ್ರಾಂ ಮಾತ್ರ. ಹಾಗಾದರೆ ಮರಿಯ ಎಲುಬು ಹೇಗೆ ಬಲಿಯುತ್ತದೆ? ಚಿಪ್ಪಿನಿಂದ! ಮೊಟ್ಟೆಯ ತೂಕದ ಹತ್ತನೆಯ ಒಂದು ಪಾಲಾದ ಚಿಪ್ಪು ಹೆಚ್ಚುಕಡಮೆ ಎಲ್ಲವೂ ಸುಣ್ಣದ ಕಾರ್ಬೊನೇಟು. ಅದರಲ್ಲಿ ಎರಡು ಗ್ರಾಂನಷ್ಟು ಕ್ಯಾಲ್ಸಿಯಮ್ ಇದೆ. ಬೆಳೆಯುವ ಮರಿ ಚಿಪ್ಪಿನ ಒಳಮೈಯನ್ನು ಕರಗಿಸಿ ಹೀರಿಕೊಳ್ಳುತ್ತದೆ. ಇದರಿಂದ ಎಲುಬು ಗಟ್ಟಿಯಾಗುತ್ತದೆ, ಕೊಕ್ಕಿನಿಂದ ಕುಟ್ಟಿ ಒಡೆಯುವ ವೇಳೆಗೆ ಚಿಪ್ಪು ತೆಳುವಾಗುತ್ತದೆ. ಒಂದು ಕಲ್ಲಿಗೆ ಎರಡು ಹಕ್ಕಿ ಎನ್ನಲು ಇಲ್ಲಿ ನಾಲಗೆ ಏಳದು! ಇರಲಿ, ನಾವು ಮಾತ್ರ ಆ ಚಿಪ್ಪನ್ನು ತಿಪ್ಪೆಗೆ ಎಸೆಯುತ್ತೇವೆ.

ಪಿಷ್ಟವೂ ನಾರೂ ಮೊಟ್ಟೆಯಲ್ಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ಆನೇಕಲ್ ಸೀಮೆಯ ಹಳೆಯ ಊಟವನ್ನು ನೆನಪಿಗೆ ತಂದುಕೊಳ್ಳಿ: ರಾಗಿಯ ಮುದ್ದೆ, ಟೊಮೇಟೊ ಈರುಳ್ಳಿ ಕೊತ್ತಂಬರಿ ಅರೆದ ಮೊಟ್ಟೆಯ ಸಾರು, ಹಿಂಡಲು ಅರ್ಧ ನಿಂಬೆಯ ಹಣ್ಣು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಮ್ ಸುಮಾರು ೩೫೦ ಮಿಲಿಗ್ರಾಂ ಉಂಟು. ಅಷ್ಟೇ ತೂಕದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ವಯಸ್ಕರಿಗೆ ದಿನಕ್ಕೆ ೧೦೦೦ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೨೦ರಲ್ಲಿ ನಿಗದಿಮಾಡಿದೆ. ರಾಗಿಯಲ್ಲಿರುವ ಫೈಟೇಟು ಎಂಬ ವಸ್ತು ಈ ಸುಣ್ಣದ ಒಂದಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಎಲ್ಲವೂ ಮೈಗೆ ಹತ್ತುವುದಿಲ್ಲ. ಮೊಳಕೆ ಬರಿಸಿದ ರಾಗಿಯಲ್ಲಿ ಈ ತೊಡಕು ಕಡಿಮೆ. ಹೀಗಿದ್ದರೂ ಮರಿ ಚಿಪ್ಪಿನಿಂದ ಪಡೆಯುವುದನ್ನು ನಾವು ಮುದ್ದೆಯಿಂದಲೂ, ಮರಿ ತಾನೇ ಮಾಡಿಕೊಳ್ಳುವುದನ್ನು ನಾವು ನಿಂಬೆ ಟೊಮೇಟೊಗಳಿಂದಲೂ ತುಂಬಿಕೊಳ್ಳುತ್ತೇವೆ. ಈ ಊಟವನ್ನು ರೂಢಿಗೆ ತಂದವರಿಗೆ ಅನ್ನಾಂಗದ ಹೆಸರೂ ಗೊತ್ತಿರಲಿಲ್ಲ. ಅಣ್ಣನ ಮಗನ ಗೂಡಿನಲ್ಲಿದ್ದದ್ದು ಬ್ರೆಡ್ಡು.

ಸಾರು ಮಾಡುವ ಬಗೆ

ಮೊಟ್ಟೆಯ ಸಾರಿನಲ್ಲಿ ಎರಡು ಬಗೆ: ಬೇಯಿಸಿ ಸುಲಿದ ಮೊಟ್ಟೆಯನ್ನು ಹಾಕುವುದು, ಹಸಿ ಮೊಟ್ಟೆಯನ್ನು ಕುದಿಯುವ ಸಾರಿಗೇ ಒಡೆದು ಬಿಡುವುದು. ನಮಗೆ ಎರಡನೆಯದೇ ಮೆಚ್ಚು. ಅದಕ್ಕೆ ಎರಡು ಪಾತ್ರೆ ಬೇಡ, ಹೆಚ್ಚು ಎಣ್ಣೆಯೂ ಬೇಡ.

ನಾಲ್ವರಿಗೆ ನಾಲ್ಕು ಮೊಟ್ಟೆ, ಎರಡು ಈರುಳ್ಳಿ, ಮೂರು ನಾಟಿ ಟೊಮೇಟೊ, ಏಳೆಂಟು ಎಸಳು ಬೆಳ್ಳುಳ್ಳಿ, ಬೆರಳ ತುದಿಯಷ್ಟು ಶುಂಠಿ. ಅರೆಯುವುದಕ್ಕೆ ಎರಡು ಚಮಚ ದನಿಯ, ಐದಾರು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಚಮಚ ಕಾಳುಮೆಣಸು, ಅಷ್ಟೇ ಜೀರಿಗೆ, ಸಣ್ಣ ತುಂಡು ಚಕ್ಕೆ, ಮೂರು ಲವಂಗ, ಎರಡು ದೊಡ್ಡ ಚಮಚ ಹುರಿಗಡಲೆ, ಎರಡೇ ದೊಡ್ಡ ಚಮಚ ತೆಂಗಿನ ತುರಿ. ಅರಿಸಿನ ಕಾಲು ಚಮಚ, ಉಪ್ಪು ಮಟ್ಟಸವಾಗಿ ಒಂದು ಚಮಚ, ಎಣ್ಣೆ ನಾಲ್ಕು ಸಣ್ಣ ಚಮಚ. ಕೊನೆಗೆ ಕೊತ್ತಂಬರಿ ಸೊಪ್ಪು, ನಿಂಬೆ.

ಎಣ್ಣೆಯ ಅಳತೆಯನ್ನು ದಯವಿಟ್ಟು ಕಣ್ಣಂದಾಜಿಗೆ ಬಿಡಬೇಡಿ. ಒಂದು ಸಣ್ಣ ಚಮಚ ಎಣ್ಣೆ ೫ ಮಿಲಿಲೀಟರು. ಅದರಲ್ಲಿ ಸುಮಾರು ೪೦ ಕ್ಯಾಲೊರಿ. ನಾಲ್ಕು ಚಮಚವೆಂದರೆ ತಲೆಗೆ ೪೦ ಕ್ಯಾಲೊರಿಯಾಯಿತು. ಇದರ ಬದಲು ಸೌಟಿನಿಂದ ೫೦ ಮಿಲಿಲೀಟರು ಸುರಿದರೆ ತಲೆಗೆ ನೂರು ಕ್ಯಾಲೊರಿ ದಾಟುತ್ತದೆ. ಮೊಟ್ಟೆಯ ೭೦ಕ್ಕಿಂತ ಅದನ್ನು ಹೊತ್ತ ಎಣ್ಣೆಯದೇ ಹೆಚ್ಚು! ಬೇಯಿಸಿದ ಮೊಟ್ಟೆಯನ್ನು ಮತ್ತೆ ಎಣ್ಣೆಯಲ್ಲಿ ಕರಿದು, ಗಸಗಸೆ ಗೋಡಂಬಿ ತೆಂಗಿನ ಗಟ್ಟಿ ಮಸಾಲೆಯಲ್ಲಿ ಮುಳುಗಿಸಿ, ಮೇಲೆ ಕೆಂಪು ಎಣ್ಣೆ ತೇಲುವಂತೆ ಬಡಿಸುವ ಹೋಟೆಲಿನ ಪದ್ಧತಿಯಲ್ಲಿ ದೋಷವಿದ್ದರೆ ಅದು ಹಳದಿಯದಲ್ಲ. ನಾವು ಮೇಲೆ ಹೇಳಿದ ಬಾಣಲೆಯ ಭಯ ಇದೇ. ಹುರಿಗಡಲೆ ಸಾರನ್ನು ಮಂದಮಾಡುವುದರಿಂದ ತೆಂಗನ್ನು ಕಡಿಮೆಮಾಡಬಹುದು. ರುಚಿಗೆ ಅಷ್ಟೇನೂ ಕುಂದಿಲ್ಲ. ಉಪ್ಪಿನ ವಿಷಯಕ್ಕೂ ಒಂದು ಮಾತು: ಒಬ್ಬರಿಗೆ ಇಡೀ ದಿನಕ್ಕೆ ೫ ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಮೊದಲು ದನಿಯ, ಜೀರಿಗೆ, ಮೆಣಸುಗಳನ್ನು ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ ಹುರಿಯಿರಿ. ಇವುಗಳ ವಾಸನೆ ಆವಿಯಾಗಿ ಹಾರುವ ಸುಗಂಧ ತೈಲಗಳಿಂದ ಬರುವುದು; ಮನೆಯೆಲ್ಲ ಘಮಘಮಿಸುವ ತನಕ ಹುರಿದರೆ ಆ ತೈಲ ಮನೆಯ ಪಾಲಾಯಿತು, ಸಾರಿನ ಪಾಲಾಗಲಿಲ್ಲ. ಘಮ ಎದ್ದೊಡನೆ ಇಳಿಸಿ, ಹುರಿಗಡಲೆ ತೆಂಗುಗಳೊಡನೆ ನುಣ್ಣಗೆ ಅರೆಯಿರಿ. ಅನಂತರ ಎಣ್ಣೆ ಕಾಯಿಸಿ ಈರುಳ್ಳಿ ಹಾಕಿ. ಈರುಳ್ಳಿ ಮೊದಲು ಬೆವರಿ ಮೆತ್ತಗಾಗಿ, ಬಹಳ ಹೊತ್ತಿನ ಮೇಲೆ ಕೆಂಪಾಗುವುದನ್ನು ನೋಡಿರುತ್ತೀರಿ. ಅದರಲ್ಲಿ ನೀರು ಇರುವವರೆಗೆ ಉಷ್ಣತೆ ನೂರು ಡಿಗ್ರಿಯನ್ನು ದಾಟದು. ಕೆಂಪು ಬಣ್ಣವನ್ನೂ ಕಮ್ಮನೆಯ ರುಚಿಯನ್ನೂ ಕೊಡುವ ರಾಸಾಯನಿಕ ಕ್ರಿಯೆ ಚುರುಕಾಗಲು ನೂರನಲವತ್ತರ ಹತ್ತಿರ ಬರಬೇಕು. ಎಣ್ಣೆ ಸಾಲದೆ ತಳ ಹಿಡಿಯುವಂತಾದರೆ ಮತ್ತೆ ಎಣ್ಣೆ ಸುರಿಯದೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ. ಬೆಳ್ಳುಳ್ಳಿ, ಶುಂಠಿ, ಅರಿಸಿನ, ಟೊಮೇಟೊ ಸೇರಿಸಿ ಬಾಡಿಸಿ. ಅರೆದ ಮಸಾಲೆ ಹಾಕಿ, ನಾಲ್ಕು ಲೋಟ ನೀರು ಬಿಟ್ಟು ಕುದಿಸಿ.

ಅರಿಸಿನದ ಜೊತೆಗೆ ಕಾಳುಮೆಣಸು ಹಾಕುವುದಕ್ಕೆ ಒಂದು ಬೆಂಗಳೂರಿನ ಸಾಕ್ಷ್ಯವಿದೆ. ಅರಿಸಿನದ ಹಳದಿ ವಸ್ತುವಾದ ಕರ್ಕ್ಯುಮಿನ್ ನಮ್ಮ ರಕ್ತಕ್ಕೆ ಬಹು ಕಷ್ಟದಿಂದ ಸೇರುತ್ತದೆ. ೧೯೯೮ರಲ್ಲಿ ಬೆಂಗಳೂರಿನ ಸಂತ ಜಾನ್ಸ್ ವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ೨ ಗ್ರಾಂ ಕರ್ಕ್ಯುಮಿನ್ನಿನೊಡನೆ ಮೆಣಸಿನ ಖಾರದ ವಸ್ತುವಾದ ಪೈಪರೀನನ್ನು ೨೦ ಮಿಲಿಗ್ರಾಂ ಕೊಟ್ಟು ನೋಡಿದಾಗ, ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟಿನಷ್ಟು ಏರಿತು. ಕೋರಮಂಗಲದಿಂದ ಸರ್ಜಾಪುರದ ಕಡೆ ಹೊರಟವರು ಆ ಕಾಲೇಜಿನ ಮುಂದೆಯೇ ಹಾದುಹೋಗುತ್ತಾರೆ. ಆದರೆ ಈ ಪ್ರಯೋಗವನ್ನು ಹಿಡಿದುಕೊಂಡು ಸಾರನ್ನು ಔಷಧವೆಂದು ಸಾರುವವರ ಮಾತನ್ನು ನಂಬಬೇಡಿ: ಅರಿಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಸುಮಾರು; ಕಾಲು ಚಮಚದಲ್ಲಿ ಅದು ಪ್ರಯೋಗದ ಅಳತೆಯ ಹತ್ತಿರಕ್ಕೂ ಬಾರದು.

ಈಗ ಮೊಟ್ಟೆಯ ಸರದಿ. ಸಾರು ಹದವಾಗಿ ಕುದಿದ ಮೇಲೆ ಉರಿಯನ್ನು ತಗ್ಗಿಸಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಮಾತ್ರ ಏಳುವಂತೆ ಮಾಡಿ. ಇದಕ್ಕೆ ಕಾರಣವಿಷ್ಟು. ಹಸಿ ಮೊಟ್ಟೆಯ ಸಸಾರಜನಕದ ಅಣುಗಳು ಸುತ್ತಿಟ್ಟ ನೂಲಿನ ಉಂಡೆಗಳಂತಿದ್ದು, ಒಂದಕ್ಕೊಂದು ತಾಕದೆ ನೀರಿನಲ್ಲಿ ತೇಲಾಡುತ್ತವೆ. ಕಾವು ತಗುಲಿದೊಡನೆ ಉಂಡೆ ಬಿಚ್ಚಿಕೊಂಡು ಎಳೆ ಎಳೆಗೆ ತೊಡರಿ ಬಲೆಯಾಗುತ್ತದೆ. ನೀರು ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ಹೆಪ್ಪುಗಟ್ಟುವುದೆಂದರೆ ಇದೇ. ಬಿಳಿಯದು ಸುಮಾರು ೬೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಹಳದಿ ೭೦ರ ಹೊತ್ತಿಗೆ ಗಟ್ಟಿಯಾಗುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ನಮ್ಮ ಈ ಸೀಮೆಯಲ್ಲಿ ನೀರು ೯೭ ಡಿಗ್ರಿಗೇ ಕುದಿಯುತ್ತದೆ. ಅದೂ ಮೊಟ್ಟೆಗೆ ಅಗತ್ಯಕ್ಕಿಂತ ಹೆಚ್ಚೇ. ಕೊತಕೊತ ಕುದಿಸಿದರೆ ಬಲೆ ಬಿಗಿದುಕೊಂಡು ನೀರನ್ನು ಹಿಂಡಿಬಿಡುತ್ತದೆ. ಮೊಟ್ಟೆ ರಬ್ಬರಿನಂತಾಗುತ್ತದೆ, ಎಳೆಗಳು ಚೆದರಿ ಸಾರು ರಾಡಿಯಾಗುತ್ತದೆ. ಟೊಮೇಟೊವಿನ ಹುಳಿಯೂ ಉಪ್ಪೂ ಈ ಹೆಪ್ಪನ್ನು ಬೇಗ ಕೂಡಿಸುವುದರಿಂದ, ಬರಿಯ ನೀರಿಗಿಂತ ಸಾರಿನಲ್ಲಿ ಮೊಟ್ಟೆ ಒಳ್ಳೆಯ ಆಕಾರ ತಳೆಯುತ್ತದೆ.

ಮೊಟ್ಟೆಗಳನ್ನು ನೇರವಾಗಿ ಸಾರಿನ ಮೇಲೆ ಒಡೆಯಬಾರದು. ಒಂದೊಂದನ್ನೇ ಬಟ್ಟಲಿಗೆ ಒಡೆದು, ವಾಸನೆ ನೋಡಿ, ಬಟ್ಟಲನ್ನು ಸಾರಿಗೆ ತಾಗಿಸಿ ಮೆಲ್ಲನೆ ಜಾರಿಸಿ. ಒಂದು ಕೆಟ್ಟ ಮೊಟ್ಟೆಯಿಂದ ಇಡೀ ಪಾತ್ರೆಯನ್ನು ಚೆಲ್ಲಿದ ಅನುಭವ ನಮಗುಂಟು. ಜಾರಿಸಿದ ಮೇಲೆ ನಾಲ್ಕು ನಿಮಿಷ ಸೌಟು ಆಡಿಸಬೇಡಿ. ಮುಚ್ಚಳ ಮುಚ್ಚಿ ಏಳೆಂಟು ನಿಮಿಷ ಬಿಟ್ಟರೆ ಹಳದಿಯೂ ಗಟ್ಟಿಯಾಗುತ್ತದೆ. ಅರೆಬೆಂದ ಹಳದಿ ಕೆಲವರಿಗೆ ಇಷ್ಟ. ಆದರೆ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯ ಸೇರಿರುವುದುಂಟು. ಮಕ್ಕಳು, ಬಸುರಿಯರು, ವೃದ್ಧರು ಉಣ್ಣುವ ಮನೆಯಲ್ಲಿ ಪೂರ್ತಿ ಬೇಯಿಸುವುದೇ ಸರಿ.

ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸಿ. ನಿಂಬೆಯನ್ನು ತಟ್ಟೆಯಲ್ಲಿಯೇ ಹಿಂಡಿಕೊಳ್ಳಿ, ಒಲೆಯ ಮೇಲಲ್ಲ. ಅನ್ನಾಂಗ ಸಿ ಕಾವಿಗೆ ಕೆಡುತ್ತದೆ. ಈ ನಿಂಬೆಯಿಂದ ಇನ್ನೊಂದು ಉಪಕಾರವಿದೆ. ಹಳದಿಯಲ್ಲಿರುವ ಕಬ್ಬಿಣವನ್ನು ಅದರದೇ ಒಂದು ಸಸಾರಜನಕ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನಮಗೆ ದಕ್ಕುವುದು ಸ್ವಲ್ಪವೇ. ಅನ್ನಾಂಗ ಸಿ ಜೊತೆಗಿದ್ದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ಚಹಾದ ಒಗರು ಇದಕ್ಕೆ ನೇರ ವಿರುದ್ಧ. ಊಟವಾದೊಡನೆ ಚಹಾ ಕುಡಿಯುವ ಅಭ್ಯಾಸವುಳ್ಳವರು ಒಂದು ಗಂಟೆ ತಾಳುವುದು ಒಳ್ಳೆಯದು. ಒಂದು ಹಿಡಿ ನುಗ್ಗೆಸೊಪ್ಪನ್ನು ಸಾರಿಗೆ ಹಾಕಿದರೆ ಮತ್ತೂ ಲೇಸು; ಸೊಪ್ಪಿನ ಕ್ಯಾರೊಟೀನ್ ಮೇದಸ್ಸಿನಲ್ಲಿ ಕರಗತಕ್ಕದ್ದಾದ್ದರಿಂದ ಹಳದಿಯ ಮೇದಸ್ಸು ಅದನ್ನು ಮೈಗೆ ಹತ್ತಿಸುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ಮೊಟ್ಟೆ ಒಡ್ಡು ಹಾಕುವ ಹಳ್ಳಿಯ ಪದ್ಧತಿಯೂ ಇದೇ ಕಾರಣದಿಂದ ಮೆಚ್ಚತಕ್ಕದ್ದು.

ಕೆಲವು ಸಂದೇಹಗಳು

ಬೇಯಿಸಿ ಸುಲಿದ ಮೊಟ್ಟೆಯನ್ನೇ ಹಾಕುವವರಿಗೆ ಒಂದೆರಡು ಸೂಚನೆ. ಒಡೆದು ಬಿಡುವುದಕ್ಕೆ ಹೊಸ ಮೊಟ್ಟೆ ಉತ್ತಮ, ಅದರ ಬಿಳಿ ಚೆದರುವುದಿಲ್ಲ. ಸುಲಿಯುವುದಕ್ಕೆ ವಾರದಷ್ಟು ಹಳೆಯದು ಉತ್ತಮ. ದಿನ ಕಳೆದಂತೆ ಒಳಗಿನ ಇಂಗಾಲಾಮ್ಲ ವಾಯು ರಂಧ್ರಗಳಿಂದ ಹೊರಬಿದ್ದು ಬಿಳಿಯ ಲೋಳೆಯ ಕ್ಷಾರಗುಣ ಏರುತ್ತದೆ, ಆಗ ಅದು ಪೊರೆಗೆ ಅಷ್ಟಾಗಿ ಅಂಟದು. ಬಹಳ ಹೊತ್ತು ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸುರುಬೂದು ಉಂಗುರ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಆದದ್ದು, ಅಪಾಯವಿಲ್ಲ. ಹನ್ನೆರಡು ನಿಮಿಷದೊಳಗೆ ಇಳಿಸಿ ತಣ್ಣೀರಿಗೆ ಹಾಕಿದರೆ ಉಂಗುರ ಮೂಡದು.

ಹಸಿ ಮೊಟ್ಟೆ ಕುಡಿದರೆ ಬಲ ಬರುವುದೆಂಬ ನಂಬಿಕೆ ಗರಡಿಮನೆಗಳ ಕಾಲದಿಂದಲೂ ಇದೆ. ಈಗ ವ್ಯಾಯಾಮಶಾಲೆಗಳಿಗೆ ಹೋಗುವ ತರುಣರಲ್ಲಿ ಮತ್ತೆ ತಲೆಯೆತ್ತಿದೆ. ಬೆಲ್ಜಿಯಮ್ಮಿನ ವಿಜ್ಞಾನಿಗಳು ೧೯೯೮ರಲ್ಲಿ ಅಳೆದು ನೋಡಿದಾಗ, ಬೇಯಿಸಿದ ಮೊಟ್ಟೆಯ ಸಸಾರಜನಕ ನೂರಕ್ಕೆ ತೊಂಬತ್ತರಷ್ಟು ಜೀರ್ಣವಾದರೆ ಹಸಿಯದು ಐವತ್ತರಷ್ಟು ಮಾತ್ರ ಆಯಿತು. ಬಿಚ್ಚಿದ ನೂಲನ್ನು ಕತ್ತರಿಸುವುದು ನಮ್ಮ ಜೀರ್ಣರಸಗಳಿಗೆ ಸುಲಭ. ಹಸಿ ಬಿಳಿಯ ಲೋಳೆಯಲ್ಲಿರುವ ಅವಿಡಿನ್ ಬಯೊಟಿನ್ ಎಂಬ ಅನ್ನಾಂಗವನ್ನು ಕಟ್ಟಿಹಾಕುತ್ತದೆಂಬುದು ಇನ್ನೊಂದು ದೋಷ. ಬೇಯಿಸಿದರೆ ಅದರ ಆಟ ನಿಲ್ಲುತ್ತದೆ.

ಚಿಪ್ಪಿನ ಬಣ್ಣ ಕೋಳಿಯ ತಳಿಯದು, ಹಳದಿಯ ಬಣ್ಣ ಅದು ತಿಂದ ಮೇವಿನದು. ಕಂದು ಮೊಟ್ಟೆಗೆಂದು ಹೆಚ್ಚು ಬೆಲೆ ತೆರುವುದಕ್ಕೆ ಪುಷ್ಟಿಯ ಕಾರಣವಿಲ್ಲ. ಮೊಟ್ಟೆಯನ್ನು ತಂದೊಡನೆ ತೊಳೆದಿಡಬಾರದು. ರಂಧ್ರಗಳನ್ನು ಮುಚ್ಚಿರುವ ತೆಳುಲೇಪ ಹೋಗಿ ನೀರಿನೊಡನೆ ಕೊಳೆಯೂ ಒಳಸೇರುತ್ತದೆ. ಕೊಳೆಯಿದ್ದರೆ ಒಡೆಯುವ ಮುನ್ನ ತೊಳೆದರೆ ಸಾಕು. ನೀರಿಗೆ ಹಾಕಿದಾಗ ಅಡ್ಡಲಾಗಿ ಮಲಗಿದ್ದು ಹೊಸದು, ನೆಟ್ಟಗೆ ನಿಂತದ್ದು ಹಳೆಯದು, ತೇಲಿದ್ದನ್ನು ಬಿಟ್ಟುಬಿಡಿ.

ಆ ಸಂಜೆ ನಾವು ಸರ್ಜಾಪುರದ ಅಂಗಡಿಯಿಂದ ಅರ್ಧ ಕಿಲೋ ರಾಗಿಹಿಟ್ಟು ತಂದು ಆ ಕೋಣೆಯಲ್ಲಿಯೇ ಸಾರು ಮಾಡಿದೆವು. ಮುದ್ದೆ ತಿರುವುವ ಕೋಲಿಲ್ಲದೆ ಸೌಟಿನ ಹಿಡಿಯಿಂದ ತಿರುವಿದ್ದರಿಂದ ಅಲ್ಲಲ್ಲಿ ಗಂಟು ಉಳಿಯಿತು. ಯಾರೂ ಆಕ್ಷೇಪಿಸಲಿಲ್ಲ. ಮಾರನೆಯ ಬೆಳಿಗ್ಗೆ ಅಣ್ಣನ ಮಗ ಫೋನ್ ಮಾಡಿ, ಫ್ರಿಜ್ಜಿನಲ್ಲಿಟ್ಟಿದ್ದ ಒಂದು ಮೊಟ್ಟೆಯನ್ನೂ ಸಾರನ್ನೂ ಮತ್ತೆ ಕುದಿಸಬಹುದೆ ಎಂದು ಕೇಳಿದನು. ಮೊಟ್ಟೆಯನ್ನು ಹೊರಗೆ ತೆಗೆದಿಟ್ಟು ಸಾರನ್ನು ಚೆನ್ನಾಗಿ ಕುದಿಸು, ಉರಿ ಸಣ್ಣದು ಮಾಡಿ ಮೊಟ್ಟೆಯನ್ನು ಅದರಲ್ಲಿ ಮುಳುಗಿಸಿ ಒಳಗಿನವರೆಗೂ ಬಿಸಿಯಾಗುವಷ್ಟು ಹೊತ್ತು ಬಿಡು ಎಂದೆವು.

"ಹಳದಿ ಸಮೇತ ತಾನೆ, ಚಿಕ್ಕಪ್ಪ?" ಎಂದನು.